ಆರು ಎಂದರೆ ದಾಟು

ಮೊದಲ ತಿಂಗಳೆಲ್ಲ ಬರೀ ದವಡೆ ಹಿಡಿಯುವ ಪಾಠ.
ಔಷಧದ ಕಪಾಟಿನ ಬೀಗದಕೈ ಮೊಖೇತಿ ಮೇಷ್ಟ್ರ ಸೊಂಟದಲ್ಲಿ;
ನಮಗೆ ಸಿಕ್ಕಿದ್ದು ರಬ್ಬರಿನದೊಂದು ತಲೆ,
ಒಂದು ಕಿವಿ ಹರಿದದ್ದು, ಹಿಂದಿನ ತಂಡಗಳ ಬೆವರು ಕುಡಿದು ಕಪ್ಪಾದದ್ದು.
"ಹೆಬ್ಬೆರಳು, ತೋರುಬೆರಳು ಮಾಸ್ಕಿನ ಮೇಲೆ.
ಮಿಕ್ಕ ಮೂರು ಎಲುಬಿನ ಮೇಲೆ. ಎಲುಬು ತಾಯೀ, ಎಲುಬು!
ಮೆತ್ತಗಿರುವಲ್ಲಿ ಒತ್ತಿದೆಯೋ, ನಾಲಗೆಯೇ ಹೋಗಿ ಕದ ಹಾಕಿಕೊಳ್ಳುತ್ತದೆ."
ಸೆಖೊನ್ಯಾನನ ಅಂಗೈ ಅಗಲ, ಅವನಿಗೆ ಮೂರೇ ದಿನಕ್ಕೆ ಒಲಿಯಿತು.
ನನ್ನ ಕಿರುಬೆರಳು ಕಿವಿಯ ಕೆಳಗಿನ ಆ ಮೂಲೆಗೆ ಮುಟ್ಟುವುದೇ ಇಲ್ಲ.
ರಾತ್ರಿ ಹಾಸ್ಟೆಲಿನಲ್ಲಿ ನನ್ನದೇ ದವಡೆ ಹಿಡಿದು ಮಲಗುತ್ತಿದ್ದೆ,
ಹಲ್ಲುನೋವೇ ಎಂದು ಪಕ್ಕದ ಮಂಚದವಳು ಲವಂಗ ತಂದುಕೊಟ್ಟಳು.

ಏಳನೇ ತಿಂಗಳು ಬೆಟ್ಟದ ಮೇಲಿನ ಆಸ್ಪತ್ರೆ, ಮೊಖೊಟ್ಲೊಂಗ್.
ಕಿಟಕಿಯಾಚೆ ಹಿಮ; ಗೇಟಿಗೆ ಕಟ್ಟಿದ ಕುದುರೆಗಳ ಉಸಿರು ಹೊಗೆಹೊಗೆ.
ಉಸಿರು ಕಣ್ಣಿಗೆ ಕಾಣುವ ಊರು ಈ ಕಸುಬಿಗೆ ಒಳ್ಳೆಯದೆಂದು
ಮೇಷ್ಟ್ರ ತಮಾಷೆ. ನಗದಿದ್ದರೆ ಮತ್ತೊಮ್ಮೆ ಹೇಳುತ್ತಾರೆ.

ನ್ತಾತೆ ಪೂಫೊಲೊ ಬಂದದ್ದು ಕುದುರೆಯಿಂದ ಬಿದ್ದು,
ಮೊಣಕಾಲ ಕೆಳಗೆ ಉದ್ದಕ್ಕೆ ಸೀಳು, ಗಾಯದ ತುಂಬ ಜಲ್ಲಿ.
ಇಪ್ಪತ್ತೆರಡು ವರ್ಷ ಗಡಿಯಾಚೆ ಚಿನ್ನದ ಗಣಿಯಲ್ಲಿದ್ದವನು.
ಬೆನ್ನು ಅಲ್ಲೇ ನಜ್ಜುಗುಜ್ಜಾಗಿದೆ, ಸೂಜಿ ಹೋಗಲು ಸಂದಿಲ್ಲ;
ಎದೆಗೆ ಕಿವಿಯಿಟ್ಟರೆ ಒಣ ಜೋಳದ ತೆನೆ ಸುಲಿದ ಸದ್ದು.
"ನಿದ್ದೆ ಮಾಡಿಸುವವಳು ನೀನೋ?" ಅಂದ. "ಎಷ್ಟು ಆಳ?"
ಗೊತ್ತಿಲ್ಲ ಎನ್ನಬಾರದು ಅಂತ ಪಾಠವಾಗಿತ್ತು. ಗೊತ್ತಿಲ್ಲ ಅಂದೆ.
"ಎರಡು ಮೈಲಿ ಇಳಿದವನು ನಾನು, ಇಳಿಯುವುದಕ್ಕೇನು.
ಮೇಲೆ ಹಗ್ಗದ ಯಂತ್ರದ ಹತ್ತಿರ ಒಬ್ಬ ಕೂತಿರುತ್ತಿದ್ದ.
ಅವನ ಹೆಸರು ನಮಗ್ಯಾರಿಗೂ ಗೊತ್ತಿರಲಿಲ್ಲ.
ಅವನೊಡನೆ ಮಾತಾಡಬಾರದೆಂದು ಬೋರ್ಡು ಹಾಕಿದ್ದರು.
ಹೆಂಡತಿಯ ಜೊತೆ ಜಗಳವಾಡಿ ಬಂದಿರದಿದ್ದರೆ ಸಾಕು ದೇವರೇ
ಅಂದುಕೊಳ್ಳುತ್ತಾ ಇಳಿಯುತ್ತಿದ್ದೆವು."
"ನನಗೆ ಮದುವೆಯಾಗಿಲ್ಲ" ಅಂದೆ.
"ಹಾಗಾದರೆ ಸರಿ" ಅಂದ.

ಹತ್ತರಿಂದ ಹಿಂದಕ್ಕೆ ಎಣಿಸಿ.
ನಮ್ಮ ಸೆಸೋತೋದಲ್ಲಿ ಅಂಕಿಗಳೆಂದರೆ ಬೆರಳಾಟ:
ಒಂಬತ್ತೆಂದರೆ ಒಂದು ಮಡಿಸು, ಎಂಟೆಂದರೆ ಎರಡು ಮಡಿಸು,
ಏಳೆಂದರೆ ತೋರಿಸು.
ಹಾಲಿನಂಥ ಔಷಧ ನರದೊಳಗೆ ಹೋಗುತ್ತಿತ್ತು.
ಲೆಶೊಮೆ. ರೊಬೊಂಗ್. ರೊಬೇದಿ. ಸೂಪಾ...
ನಿಜಕ್ಕೂ ಬೆರಳೆತ್ತಿ ಛಾವಣಿಯಲ್ಲಿ ಏನನ್ನೋ ತೋರಿಸಿದ.
ತ್ಸೆಲೆಲಾ. ಆರು. ಆರು ಎಂದರೆ ದಾಟು:
ಈ ಕೈ ಮುಗಿಯಿತು, ಆ ಕೈಗೆ ದಾಟು.
ಐದು ಬರಲಿಲ್ಲ.

ಗಾಯ ತೊಳೆಯುವುದು ಅರ್ಧವಾಗಿತ್ತು, ಕರೆಂಟು ಹೋಯಿತು.
ಮಾನಿಟರಿನ ಕುಂಯ್ ನಿಂತಿತು. ಆಮ್ಲಜನಕ ಸೋಸುವ ಪೆಟ್ಟಿಗೆ
ನಿಟ್ಟುಸಿರಿಟ್ಟು ಸುಮ್ಮನಾಯಿತು.
ಟಾರ್ಚು, ಟಾರ್ಚು ಎಂದು ಸರ್ಜನ್ ಕೂಗುತ್ತಿದ್ದಾರೆ.
ನಾನು ಮೇಷ್ಟ್ರ ಕಡೆ ತಿರುಗಿದೆ.
ಕಿಟಕಿಯ ಹಿಮದ ಬೆಳಕಿನಲ್ಲಿ ಅವರ ನೆರಳಷ್ಟೆ; ಕೈಗಳೆರಡೂ ಬೆನ್ನ ಹಿಂದೆ.
"ನಿನ್ನ ಬಳಿ ಏನೇನಿದೆ?" ಎಂದರು, ಬಾಯಿಪರೀಕ್ಷೆಯಲ್ಲಿ ಕೇಳುವ ಹಾಗೆ.
ಚೀಲವಿದೆ. ಗಾಳಿಯಿದೆ. ಐದು ಬೆರಳು.
ಕಿರುಬೆರಳು ತಾನಾಗಿ ಹೋಗಿ ಆ ಮೂಲೆಯಲ್ಲಿ ಕೂತಿತು,
ನಡುಬೆರಳ ಕೆಳಗೆ, ಚರ್ಮದಡಿಗೆ, ನಾಡಿ.
ಮಾಸ್ಕಿನೊಳಗೆ ಆವಿ ಬಂತು. ಹೋಯಿತು.
ಬಂತು.
ಗಣಿಯ ದೂಳು ಕೂತ ಆ ಎದೆ ಏರುವುದು
ನನಗೆ ಮೊಣಕೈವರೆಗೆ ಗೊತ್ತಾಗುತ್ತಿತ್ತು.
ಯಾರೂ ನನ್ನೊಡನೆ ಮಾತಾಡಲಿಲ್ಲ.

ಜನರೇಟರು ಗೊಣಗಿ ದೀಪ ಬಂದಾಗ ನೋಡಿದೆ:
ಮೇಷ್ಟ್ರು ತಮ್ಮದೇ ಒಂದು ಕೈಯನ್ನು ಇನ್ನೊಂದು ಕೈಯಿಂದ
ಬಿಗಿಯಾಗಿ ಹಿಡಿದುಕೊಂಡಿದ್ದರು,
ರಸ್ತೆಗೆ ಓಡುವ ಮಗುವನ್ನು ಹಿಡಿದಂತೆ.

ಎಚ್ಚರವಾದವನು ವಿಚಾರಿಸಿದ್ದು ಕಾಲನ್ನಲ್ಲ, ಕುದುರೆಯನ್ನು.
ನೀರು ಕುಡಿಯಿತಾ, ಕಂಬಳಿ ಹೊದಿಸಿದ್ದೀರಾ.
ನನ್ನ ಗುರುತು ಅವನಿಗೆ ಹತ್ತಲಿಲ್ಲ.
ದಾಖಲೆ ಪುಸ್ತಕದಲ್ಲಿ ಮೇಷ್ಟ್ರು ಬರೆದರು:
ಸಂಖ್ಯೆ ಐವತ್ಮೂರು. ಮಾಸ್ಕು. ಪರವಾಗಿಲ್ಲ.

ಚಹಾದ ಲೋಟ ಎತ್ತಲು ಹೋದರೆ
ಕಿರುಬೆರಳು ಇನ್ನೂ ಮಡಿಸಿಕೊಂಡೇ ಇತ್ತು.
ರೊಬೊಂಗ್, ಅಂದೆ ಅದಕ್ಕೆ.